ಗಿರಾಕಿಗೆ ತೋರಿಸುವ ಜಡೆ

ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಎಂಬ ಗಾದೆ ಕಟ್ಟಿದವರು ಪೂರ್ಣಿಮಾಳನ್ನು ನೋಡಿಯೇ ಕಟ್ಟಿರಬೇಕು. ಖಾನಾಪುರದ ಈ ಹುಡುಗಿಗೆ ದೇವರು ಬಣ್ಣ ಕೊಡುವಾಗ ಜಿಪುಣನಾದ, ಎತ್ತರ ಕೊಡುವುದನ್ನು ಮರೆತೇಬಿಟ್ಟ, ಕೂದಲು ಕೊಡುವಾಗ ಮಾತ್ರ ಕೈಜಾರಿ ಬುಟ್ಟಿಯನ್ನೇ ಸುರಿದ. ಜಡೆ ಬಿಟ್ಟರೆ ಮೊಣಕಾಲಿನ ಹಿಂದೆ ಬಡಿಯುತ್ತಿತ್ತು. ಹುಡುಗಿ ಎನ್ನುವುದು ಬಾಯಿಮಾತಿಗೆ; ಮೂವತ್ತು ದಾಟಿತ್ತು. ನೋಡಲು ಬಂದ ವರಗಳೆಲ್ಲ ಜಡೆಯನ್ನು ಹೊಗಳಿ, ಅವಲಕ್ಕಿ ತಿಂದು, ಊರಿಗೆ ಹೋಗಿ ಸುದ್ದಿ ಕಳಿಸುತ್ತೇವೆ ಎಂದು ಹೋದವರು ಹೋದೇಬಿಟ್ಟರು.

ಅವಳ ಅವ್ವ ಕಾಡವ್ವನಿಗಂತೂ ಆ ಕೂದಲು ಬೆಳೆ ಬರುವ ಹೊಲದ ಹಾಗೆ. ಬಾಚಿದಾಗ ಬಂದ ಎಳೆಗಳನ್ನು ಸುತ್ತಿ ಸುತ್ತಿ ಬಾಗಿಲ ಹಿಂದಿನ ಚೀಲಕ್ಕೆ ತುರುಕುವಳು. ಕೂದಲಿಗೆ ಪಾತ್ರೆ ಕೊಡುವವನು ಓಣಿಗೆ ಬಂದರೆ ಚೀಲ ಹಿಡಿದು ಓಡುವಳು. ಅಡುಗೆಮನೆಯ ಡಬರಿ, ಬೋಗುಣಿ, ನೀರಿನ ತಂಬಿಗೆ ಎಲ್ಲವೂ ಪೂರ್ಣಿಮಾಳ ತಲೆಯಿಂದ ಇಳಿದವು.

ಆದರೆ ಆ ಕೂದಲಿನ ಖರೇ ಬೆಲೆ ಗೊತ್ತಾದದ್ದು ಮಾಲಾ ಮೇಡಂಗೆ. ಬೆಳಗಾವಿಯ ರಾಮತೀರ್ಥ ನಗರದಲ್ಲಿ ಆಕೆಯ ಬ್ಯೂಟಿ ಪಾರ್ಲರ್ ಇತ್ತು. ಸುಟ್ಟ, ಒರಟಾದ, ಗಾಳಿಗೆ ಕೆದರಿ ನಿಲ್ಲುವ ಕೂದಲಿಗೆ ಡೀಪ್ ಕಂಡೀಷನಿಂಗ್ ಮಾಡುವುದರಲ್ಲಿ ಅದಕ್ಕೆ ಹೆಸರು. ತೊಳೆದು, ಎಳೆ ಎಳೆ ಬಿಡಿಸಿ ಕ್ರೀಮ್ ಹಚ್ಚಿ, ಉಗಿ ಕೊಟ್ಟು, ಮತ್ತೆ ತೊಳೆದು ಒಣಗಿಸುವ ಕೆಲಸ. ಪೂರ್ಣಿಮಾಳನ್ನು ಅದಕ್ಕೆ ಸೇರಿಸಿಕೊಂಡ ಮೇಡಂ ಒಂದೇ ಮಾತು ಹೇಳಿದ್ದರು.

"ಜಡಿ ಹೆಣಿಬ್ಯಾಡ. ಬಿಟ್ಕೊಂಡ ಅಡ್ಡಾಡು. ಯಾರರ ಕೇಳಿದ್ರ, ಇಲ್ಲೇ ಮಾಡ್ಸೀನ್ರಿ ಅನ್ನು."

ಹಾಗೇ ಅಂದಳು. ಕೇಳಿದವರಿಗೆಲ್ಲ ಅಂದಳು. ಆ ಕ್ರೀಮಿನ ಒಂದು ಬೊಟ್ಟೂ ಅವಳ ತಲೆಗೆ ಸೋಕಿರಲಿಲ್ಲ. ಕಾಡವ್ವ ಕಾಯಿಸಿದ ಕೊಬ್ಬರಿ ಎಣ್ಣೆ, ಸೀಗೆಕಾಯಿ, ಇಷ್ಟೇ ಅದರ ಗುಟ್ಟು. ಗಿರಾಕಿಗಳು ಕನ್ನಡಿಯಲ್ಲಿ ಹಿಂದೆ ನಿಂತವಳ ಕೂದಲನ್ನು ನೋಡುತ್ತ ತಮ್ಮ ತಲೆಯನ್ನು ಅವಳ ಕೈಗೆ ಒಪ್ಪಿಸುತ್ತಿದ್ದರು.

ಇದರಿಂದ ಪೂರ್ಣಿಮಾಳಿಗೆ ಸೊಕ್ಕು ಬಂತು. ಬರದೆ ಏನು? ಹುಟ್ಟಿದಂದಿನಿಂದ ಯಾರೂ ತಿರುಗಿ ನೋಡದವಳನ್ನು ಈಗ ದೊಡ್ಡ ದೊಡ್ಡ ಮನೆಯ ಹೆಂಗಸರು ಆಸೆಗಣ್ಣಿನಿಂದ ನೋಡುತ್ತಿದ್ದರು. ಸೊಕ್ಕಿನ ಹಿಂದೆಯೇ ಕ್ರೂರತನವೂ ಬಂತು. ಗಿರಾಕಿ ಕುರ್ಚಿಯಲ್ಲಿ ಕುಳಿತ ಕೂಡಲೇ ಒಂದು ಪ್ರಶ್ನೆ ಕೇಳುವುದು ಅಂಗಡಿಯ ನಿಯಮ: ಕರಿ ಮೆಹೆಂದಿ ಹಚ್ಚಿದ್ದೀರಾ? ಪುಡಿ ಪೊಟ್ಟಣದಲ್ಲಿ ಸಿಗುವ ಆ ಅಗ್ಗದ ಮೆಹೆಂದಿಯಲ್ಲಿ ಏನೇನೋ ಬೆರೆಸಿರುತ್ತಾರೆ. ಅದರ ಮೇಲೆ ಪಾರ್ಲರಿನ ಬ್ಲೀಚ್ ಬಿದ್ದರೆ ಕೂದಲು ಕಾದು ಸುಡುತ್ತದೆ. ಎಲ್ಲ ಹೆಂಗಸರೂ ಇಲ್ಲ ಎನ್ನುತ್ತಾರೆ. ಬಿಳಿ ಕೂದಲು ಇದೆ ಎಂದು ಯಾರು ಒಪ್ಪುತ್ತಾರೆ?

ರವಿವಾರ ಪೇಟೆಯ ಕಾಳಿನ ವ್ಯಾಪಾರಿಯ ಹೆಂಡತಿ ಶಿವಬಸವ್ವನೂ ಹಾಗೇ ಅಂದಳು. ಬೇರೆಲ್ಲೋ ಬ್ಲೀಚ್ ಮಾಡಿಸಿ, ಅರ್ಧ ಕೂದಲು ಮುರಿದು, ಉಳಿದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದಳು.

"ಕರಿ ಮೆಹೆಂದಿ ಹಚ್ಚೀರೇನ್ರಿ ವೈನಿ?"

"ಇಲ್ಲವಾ. ನಾ ಯಾಕ ಹಚ್ಚಲಿ?"

ಪೂರ್ಣಿಮಾ ಒಂದು ಎಳೆ ಹಿಡಿದು ಎಳೆದಳು. ಅದು ಟಕ್ಕನೆ ತುಂಡಾಯಿತು. ಅದನ್ನು ಎಲ್ಲರಿಗೂ ಕಾಣುವ ಹಾಗೆ ದೀಪದ ಕಡೆ ಎತ್ತಿ ಹಿಡಿದಳು.

"ನೀವ್ ಇಲ್ಲಾ ಅಂತೀರಿ, ಕೂದಲಾ ಹೌದು ಅಂತಾವ. ಯಾರ್ದ ನಂಬೂಣ್ರಿ?"

ಅಂಗಡಿ ನಕ್ಕಿತು. ಜೊತೆಗೆ ಕೆಲಸ ಮಾಡುವ ಶೈಸ್ತಾ ಒಬ್ಬಳೇ ನಗಲಿಲ್ಲ. ಶಿವಬಸವ್ವ ಕನ್ನಡಿಯಿಂದ ಕಣ್ಣು ಕೆಳಗಿಳಿಸಿ, ಉಗಿಯ ಯಂತ್ರದ ಕೆಳಗೆ ತಲೆ ಕೊಟ್ಟಳು.

"ಆಕೀ ಮಕಾ ನೋಡಿದ್ದೇನ? ಹಂಗ ಮಾಡಬಾರದಿತ್ತು," ಎಂದಳು ಶೈಸ್ತಾ ಆಮೇಲೆ.

"ಸುಳ್ಳು ಹೇಳಾಕ ನಾಚಿಕಿಲ್ಲಂದ್ರ ಕೇಳ್ಸ್ಕೊಳ್ಳಾಕ ಯಾಕ ನಾಚಿಕಿ?" ಎಂದು ಪೂರ್ಣಿಮಾ ಕೂದಲು ಕೊಡವಿ ಹೋದಳು.

ಆ ಮಳೆಗಾಲದ ಹೊತ್ತಿಗೆ ಮೇಡಂ ಖಾನಾಪುರದಲ್ಲಿ ಇನ್ನೊಂದು ಅಂಗಡಿ ತೆರೆಯಲು ನಿಂತರು. ಅದನ್ನು ನಡೆಸುವವಳು ಪೂರ್ಣಿಮಾ ಎಂದು ಎಲ್ಲರ ಎದುರಿಗೇ ಹೇಳಿದರು. ಸ್ವಂತ ಊರು, ಸ್ವಂತ ಕುರ್ಚಿ. ಬಸ್ಸಿನಲ್ಲಿ ಜೋತು ಬೀಳುವ ಗೋಳಿಲ್ಲ. ಅವಲಕ್ಕಿ ತಿಂದು ಹೋದವರ ಮನೆಯ ಹೆಂಗಸರು ಇನ್ನು ತನ್ನ ಬಾಗಿಲಿಗೆ ಬರುತ್ತಾರೆ. ಪೂರ್ಣಿಮಾ ಜೀವನದಲ್ಲಿ ಇಷ್ಟು ಗಟ್ಟಿಯಾಗಿ ಬೇರೆ ಏನನ್ನೂ ಬಯಸಿರಲಿಲ್ಲ.

ಅದೇ ಹೊತ್ತಿಗೆ ಬೈತಲೆಯ ಎರಡೂ ಬದಿಗೆ ಬಿಳಿ ಕೂದಲು ಇಣುಕಿದವು. ಮೊದಲು ಕಿತ್ತಳು. ಕಿತ್ತಷ್ಟೂ ಬಂದವು. ಅಂಗಡಿಯಲ್ಲಿ ಬಣ್ಣ ಹಚ್ಚಿಸಿಕೊಂಡರೆ ಮೇಡಂಗೆ ಗೊತ್ತಾಗುತ್ತದೆ. ನರೆತ ತಲೆಯನ್ನು ಗಿರಾಕಿಗೆ ತೋರಿಸಿ ಯಾರು ವ್ಯಾಪಾರ ಮಾಡುತ್ತಾರೆ? ಒಂದು ಸಂಜೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ರವಿವಾರ ಪೇಟೆಗೆ ಹೋಗಿ ಕರಿ ಮೆಹೆಂದಿಯ ಪೊಟ್ಟಣ ತಂದಳು. ಬಚ್ಚಲಲ್ಲಿ ಚಿಲಕ ಹಾಕಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬುಡಕ್ಕಷ್ಟೇ ಹಚ್ಚಿದಳು. ಬಿಳಿ ಮತ್ತೆ ಇಣುಕಿದಾಗಲೆಲ್ಲ ಹಚ್ಚಿದಳು. ಮರುದಿನ ಎಂದಿನಂತೆ ಗಿರಾಕಿಗಳಿಗೆ ಅದೇ ಪ್ರಶ್ನೆ ಕೇಳಿ ಅದೇ ನಗು ನಕ್ಕಳು.

ಹೊಸ ಅಂಗಡಿಗೆಂದು ಮೇಡಂ ಒಂದು ವಿಡಿಯೋ ಮಾಡಿಸಲು ಹೊರಟರು. ಕೆಟ್ಟ ಕೂದಲು ತಮ್ಮ ಕೈಯಲ್ಲಿ ರೇಷ್ಮೆಯಾಗುವುದನ್ನು ತೋರಿಸಬೇಕು. ಆದರೆ ಪೂರ್ಣಿಮಾಳ ಕೂದಲು ಕೆಟ್ಟಿಲ್ಲವಲ್ಲ?

"ಕೆಡಸೂಣು," ಅಂದರು ಮೇಡಂ. "ಚೂರು ಬ್ಲೀಚ್ ಹೊಡದ ಒರಟ ಮಾಡೂಣು, ಆಮ್ಯಾಲ ಕಂಡೀಷನಿಂಗ್. ಕೆಡಸ್ದ ಹೊರ್ತು ರಿಪೇರಿ ಹೆಂಗ ತೋರ್ಸೂದು?"

ಪೂರ್ಣಿಮಾ ಈಗ ಬಾಯಿ ಬಿಟ್ಟಿದ್ದರೆ ಕೂದಲು ಉಳಿಯುತ್ತಿತ್ತು, ಖಾನಾಪುರದ ಕುರ್ಚಿ ಹೋಗುತ್ತಿತ್ತು. ಬುಡಕ್ಕೆ ಸ್ವಲ್ಪವೇ ಹಚ್ಚಿದ್ದು, ಏನೂ ಆಗಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಪ್ರತಿ ಗಿರಾಕಿಯೂ ಹೀಗೇ ಹೇಳಿಕೊಳ್ಳುತ್ತಾಳೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಅಂಗಡಿಯಲ್ಲಿ ಇರಲಿಲ್ಲ.

ಕುರ್ಚಿಯಲ್ಲಿ ಕುಳಿತಾಗ ಶೈಸ್ತಾ ರೂಢಿಯಂತೆ ಕೇಳಿದಳು: "ಕರಿ ಮೆಹೆಂದಿ ಹಚ್ಚೀಯೇನ?"

"ನಾನಾ? ನಿನಗೇನ್ ಹುಚ್ಚ ಹಿಡದೈತಿ?"

ಮೇಡಂ ನೆತ್ತಿಯ ಬುಡದಿಂದ ಬ್ಲೀಚ್ ಹಚ್ಚುತ್ತ ಬಂದರು. ತುದಿಯ ಕಡೆಗೆ ಇಳಿಸುವುದಕ್ಕೆ ಮೊದಲೇ ತಲೆ ಬೆಚ್ಚಗಾಯಿತು, ಬಿಸಿಯಾಯಿತು, ಉರಿಯಿತು. ಪೂರ್ಣಿಮಾ ಹಲ್ಲು ಕಚ್ಚಿ ಕುಳಿತಳು. ಕಿರುಚಿದರೆ ಗುಟ್ಟು ರಟ್ಟಾಗುತ್ತದಲ್ಲ! ಕೊನೆಗೆ ಸುಟ್ಟ ವಾಸನೆ ಶೈಸ್ತಾಳ ಮೂಗಿಗೆ ಬಡಿಯಿತು. ಅವಳು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ತಲೆ ಹಿಡಿದಳು. ನೀರಿನ ಜೊತೆ ಕೂದಲು ಬಂತು. ಒಂದೆರಡು ಎಳೆಯಲ್ಲ, ಬುಡದಲ್ಲಿ ಕತ್ತರಿಸಿದ ಹಾಗೆ ಕೈತುಂಬ, ಮತ್ತೆ ಕೈತುಂಬ, ಉದ್ದಕ್ಕೆ ಉದ್ದ, ಕರ್ರಗೆ ಮಿಂಚುತ್ತ ಬಂತು. ನೆತ್ತಿ ಕೆಂಪಾಗಿ ಬೊಬ್ಬೆ ಎದ್ದಿತ್ತು. ಅಲ್ಲಲ್ಲಿ ಉಳಿದ ಎಳೆಗಳನ್ನು ಮೇಡಂ ತಾವೇ ಕತ್ತರಿ ಹಿಡಿದು ತೆಗೆದರು.

"ಕುರ್ಚಿ ಮ್ಯಾಲ ಕುಂತ ಸುಳ್ಳು ಹೇಳ್ದಿ," ಅಂದರು. ಬೈಗುಳ ಅಷ್ಟೇ. ಆಮೇಲೆ ಮೇಡಂ ನಲ್ಲಿಯ ಕೆಳಗೂ ನೆಲದ ಮೇಲೂ ಬಿದ್ದ ಕೂದಲನ್ನು ಬಗ್ಗಿ ಎತ್ತಿಕೊಂಡು, ಒಂದೇ ದಿಕ್ಕಿಗೆ ಜೋಡಿಸಿ, ರಬ್ಬರ್ ಹಾಕಿ ಎತ್ತಿಟ್ಟರು. ಅಷ್ಟು ಜೋಪಾನವಾಗಿ ಅವರು ಪೂರ್ಣಿಮಾಳನ್ನು ಎಂದೂ ಮುಟ್ಟಿರಲಿಲ್ಲ.

ತಲೆಗೆ ದುಪಟ್ಟಾ ಸುತ್ತಿಕೊಂಡು ಮನೆಗೆ ಬಂದ ಮಗಳನ್ನು ಕಂಡು ಕಾಡವ್ವ ಎದೆ ಬಡಿದುಕೊಂಡು ಅತ್ತಳು. ಓಣಿಯವರು ಬಂದು ಹೋಗುವವರೆಗೂ ಅತ್ತಳು. ಮೂಗು ಒರೆಸಿಕೊಂಡು ಕೇಳಿದಳು:

"ಉದುರಿದ್ದನ್ನರ ತಂದೀಯಿಲ್ಲೊ? ಅಷ್ಟ ಕೂದಲಕ್ಕ ಹಂಡೇನ ಬರ್ತಿತ್ತಲ್ಲ ನಮ್ಮವ್ವಾ!"

ಪೂರ್ಣಿಮಾ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಖಾನಾಪುರದ ಅಂಗಡಿ ಸಾಕ್ಷಿ ಎಂಬ ಹೊಸ ಹುಡುಗಿಯ ಪಾಲಾಯಿತು. ಸೊಂಟದವರೆಗಿನ ಕೂದಲು, ಇಪ್ಪತ್ತರ ಪ್ರಾಯ. ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಅವಳಿಗೆ ಕಲಿಸಿದವಳು ಪೂರ್ಣಿಮಾಳೇ. ಮೇಡಂ ಇವಳನ್ನು ಹೊರಗೆ ಹಾಕಲಿಲ್ಲ, ಹಿಂದಿನ ಕೋಣೆಗೆ ಹಾಕಿದರು. ಟವೆಲ್ ಒಗೆಯುವುದು, ಕ್ರೀಮ್ ಕಲಸುವುದು, ಗಿರಾಕಿ ಎದ್ದು ಹೋದ ಮೇಲೆ ಕೂದಲು ಗುಡಿಸುವುದು. ನೆತ್ತಿಯಲ್ಲಿ ಒಂದು ಅಂಗೈಯಷ್ಟು ಜಾಗದಲ್ಲಿ ಮತ್ತೆ ಕೂದಲು ಹುಟ್ಟಲೇ ಇಲ್ಲ. ಹುಟ್ಟಿದ ಕಡೆ ಬಿಳಿಯೇ ಹೆಚ್ಚು.

ದೀಪಾವಳಿಯ ಮುಂಚೆ ಶಿವಬಸವ್ವ ಬಂದಳು. ಮಗನ ಮದುವೆ ಗೊತ್ತಾಗಿತ್ತು, ತುರುಬು ತುಂಬಿ ಕಾಣಬೇಕಿತ್ತು. ಮೇಡಂ ಹಿಂದಿನ ಕೋಣೆಗೆ ಬಂದು ಉದ್ದನೆಯ ಚೌರಿಯೊಂದನ್ನು ಪೂರ್ಣಿಮಾಳ ಕೈಯಲ್ಲಿಟ್ಟರು.

"ವೈನೀಗೆ ಇದನ್ನ ಜೋಡಸಿ, ಕಂಡೀಷನಿಂಗ್ ಮಾಡಿ ಕಳ್ಸು. ಶೈಸ್ತಾ ರಜಾ ಮ್ಯಾಲ ಅದಾಳ. ನಿಂದ ಐತಿ, ನಿನ್ನ ಕೈಗೇ ಚಲೋ ಗೊತ್ತಿರ್ತೈತಿ."

ಗೊತ್ತಿಲ್ಲದೆ ಏನು? ಕೈ ಇಟ್ಟ ಕೂಡಲೇ ಕೈ ಹೇಳಿತು. ಅವಳು ಅದನ್ನು ಶಿವಬಸವ್ವನ ತೆಳ್ಳನೆಯ ಕೂದಲಿಗೆ ಸಾಲು ಸಾಲಾಗಿ ಜೋಡಿಸಿದಳು. ಶಿವಬಸವ್ವ ಕನ್ನಡಿಯಲ್ಲಿ ಮೊದಲು ತನ್ನ ತಲೆಯನ್ನು ನೋಡಿಕೊಂಡಳು, ಆಮೇಲೆ ಹಿಂದೆ ನಿಂತವಳ ದುಪಟ್ಟಾವನ್ನು. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಹಿಡಿದ ಮೇಲೆ ಅವಸರ ಮಾಡಲಿಲ್ಲ. ಅಂಗಡಿ ತುಂಬ ಹಬ್ಬದ ಗಿರಾಕಿಗಳಿದ್ದರು. ಎಲ್ಲರಿಗೂ ಕೇಳುವ ಹಾಗೆ, ಬಹಳ ನಯವಾದ ದನಿಯಲ್ಲಿ ಕೇಳಿದಳು:

"ಏನವಾ, ನಿನ್ನ ಕೂದಲಾ ಏನಾದ್ವು? ಕರಿ ಮೆಹೆಂದಿ ಹಚ್ಚಿದ್ದೇನ?"

ಬಾಚಣಿಗೆಗಳು ನಿಂತವು.

"ಇಲ್ರಿ ವೈನಿ," ಅಂದಳು ಪೂರ್ಣಿಮಾ.

ಯಾರೋ ಕಿಸಕ್ಕೆಂದರು. ಶಿವಬಸವ್ವ ನಗಲಿಲ್ಲ. ಬೆನ್ನ ಮೇಲೆ ಬಿದ್ದ ಉದ್ದನೆಯ ಕೂದಲನ್ನು ಎರಡು ಬೆರಳಲ್ಲಿ ಎತ್ತಿ, ಮೂಸಿ, ಮೂಗು ಮುರಿದಳು.

"ಇದನ್ನ ಎರಡ ಸರ್ತಿ ತೊಳಿ. ಯಾವ ಹೊಲಸ ತಲೀದೋ ಏನೋ."

"ಹೂಂ ರೀ," ಎಂದು ಪೂರ್ಣಿಮಾ ನಲ್ಲಿ ತಿರುಗಿಸಿ, ನೀರು ಹದವಾಗಿದೆಯೇ ಎಂದು ಮುಂಗೈ ಒಡ್ಡಿ ನೋಡಿ, ತೊಳೆಯತೊಡಗಿದಳು.