ಸೋತವರ ಮೇಜು

ಹಾಸನಕ್ಕೆ ಹೊರಟಿದ್ದ ನಮ್ಮ ಬಸ್ಸು ಹಿರೀಸಾವೆಯ ಹೋಟೆಲೊಂದರ ಮುಂದೆ ತಿಂಡಿಗೆ ನಿಂತಿತು. ಚುನಾವಣೆಯಲ್ಲಿ ಸೋತಿದ್ದ ನಮ್ಮ ಕಡೆಯ ಮುಖಂಡರೊಬ್ಬರು ಮೂಲೆಯ ಮೇಜಿನಲ್ಲಿ ಒಬ್ಬರೇ ಕೂತಿದ್ದರು. ಹಿಂದೆ ಅವರ ಕಾರಿನ ಬಾಗಿಲು ತೆಗೆಯಲು ನೂಕಾಡುತ್ತಿದ್ದವರು ಈಗ ಪಕ್ಕದ ಮೇಜಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದರು.

ಬಸ್ಸಿನಲ್ಲಿ ನನ್ನ ಪಕ್ಕದಲ್ಲಿದ್ದ ಮಲ್ಲಿಪಟ್ಟಣದ ರೈತ ರಂಗಪ್ಪ ಮಾತ್ರ ತಿಂಡಿಯ ತಟ್ಟೆ ಹಿಡಿದು ನೇರವಾಗಿ ಹೋಗಿ ಅವರೆದುರು ಕೂತರು. ಇಬ್ಬರೂ ಹೊಳೆನರಸೀಪುರದ ಹಾಸ್ಟೆಲಿನಲ್ಲಿದ್ದು ಒಟ್ಟಿಗೆ ಓದಿದವರಂತೆ.

“ಸೋತ್ರೆ ಊಟ ಬಿಡ್ತಾರೇನ್ಲಾ? ತಿನ್ನು,” ಎಂದು ತಮ್ಮ ತಟ್ಟೆಯ ಇಡ್ಲಿಯನ್ನೇ ಅತ್ತ ಸರಿಸಿದರು. ಮುಖಂಡರ ಕಣ್ಣು ತುಂಬಿತು. ತಲೆ ತಗ್ಗಿಸಿ ತಿಂದರು.

ಅಷ್ಟರಲ್ಲಿ ಅವರನ್ನು ತಮ್ಮ ಕಡೆಗೆ ಸೇರಿಸಿಕೊಳ್ಳಲು ಕರೆದೊಯ್ಯುವುದಕ್ಕೆ ಗೆದ್ದ ಪಕ್ಷದ ಬಾವುಟ ಕಟ್ಟಿದ ಕಾರು ಬಂತು. ಮೊಬೈಲ್ ನೋಡುತ್ತಿದ್ದವರೆಲ್ಲ ದಡಬಡನೆ ಎದ್ದು ನಿಂತರು. ಮುಖಂಡರು ಕೈ ತೊಳೆದು ಹೊರಟೇಬಿಟ್ಟರು.

“ಲೇ, ಕಾಫಿ ಬತ್ತಾ ಐತೆ ಕಣ್ಲಾ!” ರಂಗಪ್ಪ ಕೂಗಿದರು.

“ಯಾರು ಸಾರ್ ಅದು?” ಕಾರಿನವನು ಕೇಳಿದ.

“ಯಾರೋ ಅರ್ಜಿ ಇಟ್ಕೊಂಡು ಬಂದವ್ನು,” ಎಂದ ಮುಖಂಡರು ತಿರುಗಿಯೂ ನೋಡದೆ ಕಾರು ಹತ್ತಿದರು.

ಬಸ್ಸು ಚನ್ನರಾಯಪಟ್ಟಣ ದಾಟಿತು. ನನಗೇ ತಡೆಯಲಾಗದೆ, “ಅವರು ಅಂದದ್ದು ಕೇಳಿಸ್ತಾ?” ಎಂದೆ.

“ಕೇಳುಸ್ತು ಸಾ,” ಎಂದರು ಕಿಟಕಿಯಾಚೆ ನೋಡುತ್ತಲೇ. “ಇನ್ನೊಂದ್ಸಲ ಸೋತೇ ಸೋಲ್ತಾನೆ. ಆಗ ಎದ್ರುಗೆ ಕುಂತ್ಕೊಳಕ್ಕೆ ನಾನಿರ್ಬೇಕಲ್ಲ.”