ಹರಳೆಣ್ಣೆ: ಪರ ಮತ್ತು ವಿರೋಧ

ಪದ್ದಿಗೆ ಮಂಡ್ಯದ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿದ್ದು ಹರಳೆಣ್ಣೆಯಿಂದ ಎನ್ನುವುದು ನಮ್ಮ ಮನೆಯವರೆಲ್ಲ ಹೇಳುವ ಕತೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ ಇವನಿಗೆ ಯಾವುದನ್ನೂ ಒಪ್ಪದ ಚಟ ಅಂಟಿದೆ ಅನ್ನುತ್ತಾರೆ. ಅದನ್ನೂ ಒಪ್ಪುವುದಿಲ್ಲ.

ಇವತ್ತು ಬೆಳಿಗ್ಗೆ ಬ್ಲಫಿನ ಪವರ್‌ಹೌಸ್ ಕ್ವಾರ್ಟರ್ಸಿನಲ್ಲಿ ಚಿಕ್ಕಮ್ಮ ಮತ್ತೆ ಹರಳೆಣ್ಣೆ ಬಿಸಿಗಿಟ್ಟರು. ಆ ವಾಸನೆ ನಿಮಗೂ ಗೊತ್ತಿರಬೇಕು. ಮೂಗಿಗೆ ಬಡಿದ ಕೂಡಲೇ ತಲೆ ತಾನಾಗಿ ತಗ್ಗುತ್ತದೆ. ಪಕ್ಕದ ಮನೆಯಾಕೆ ತನ್ನ ಹಟಮಾರಿ ಮಗಳನ್ನು ಎಳೆದುಕೊಂಡು ಬಂದಿದ್ದರು. "ನಮ್ ಪದ್ದಿನ ನೋಡಿಲ್ವಾ? ಎಣ್ಣೆ ಬಿದ್ದ ಮ್ಯಾಲೆ ಎಂಗ್ ತಣ್ಣಗಾದ್ಲು ಕಣಮ್ಮ," ಎಂದರು ಚಿಕ್ಕಮ್ಮ. ತಣ್ಣಗಾದವಳು ಅಲ್ಲೇ ಹೊಸ್ತಿಲ ಮೇಲೆ ಕೂತು, ಕಾಣೆಯಾದ ಒಂಟಿ ಚಪ್ಪಲಿಗಾಗಿ ಇಡೀ ಪ್ರಪಂಚವನ್ನು ಬಯ್ಯುತ್ತಿದ್ದಳು. ಈಗ ಅವಳು ಪಿಯುಸಿ.

ಪದ್ದಿ ನನ್ನ ಚಿಕ್ಕಪ್ಪನ ಮಗಳು. ಹನ್ನೆರಡರ ವಯಸ್ಸಿನಲ್ಲಿ ಒಲೆಯ ಮೇಲೆ ಹಾಲಿಟ್ಟು ಹೂ ಕೀಳಲು ಹೋಗುವಳು, ಹೂ ಬಿಟ್ಟು ಓತಿಕ್ಯಾತನ ಹಿಂದೆ ಓಡುವಳು, ಹಾಲು ಉಕ್ಕಿತಲ್ಲೇ ಎಂದರೆ ಮನೆಯಲ್ಲಿ ಯಾರೋ ಸತ್ತಂತೆ ಅಳುವಳು. ನಾವು ಸಮಾಧಾನಕ್ಕೆಂದು ಹತ್ತಿರ ಹೋಗುವಷ್ಟರಲ್ಲಿ ಓತಿಕ್ಯಾತ ತಲೆಯಾಡಿಸಿದ್ದು ನೆನಪಾಗಿ ಬಿದ್ದು ಬಿದ್ದು ನಗುತ್ತಿರುವಳು. ಸಮಾಧಾನದ ಮಾತನ್ನು ಬಾಯಲ್ಲಿಟ್ಟುಕೊಂಡು ನಿಂತ ನಾವೇ ಪೆದ್ದರು. ಸೋಗು ಅಂತ ಅಜ್ಜಿ, ಉಷ್ಣ ಅಂತ ಚಿಕ್ಕಮ್ಮ. ಸೋಗಲ್ಲ ಎಂದು ಮಾತ್ರ ನಾನು ಆಣೆ ಮಾಡಬಲ್ಲೆ. ಅಳುವಾಗ ಅವಳ ಮೈಯೆಲ್ಲ ನಡುಗುತ್ತಿತ್ತು, ನಗುವಾಗಲೂ ಅಷ್ಟೇ. ಪವರ್‌ಹೌಸಿನಲ್ಲಿದ್ದ ಚಿಕ್ಕಪ್ಪ ಕೈಚೆಲ್ಲಿ, "ಊರೂರಿಗೆ ಕರೆಂಟು ಕಳಿಸ್ತೀವಿ ಕಣ್ಲಾ ಇಲ್ಲಿಂದ. ಈ ಒಂದು ಹುಡುಗಿ ಓಲ್ಟೇಜು ನಿಲ್ಸಕ್ಕಾಯ್ತಿಲ್ಲ ನೋಡು," ಅನ್ನುತ್ತಿದ್ದರು.

ಏಳನೇ ಕ್ಲಾಸು ಮುಗಿದಿತ್ತು. ಹಾಸ್ಟೆಲಿನಲ್ಲಿ ಸೀಟು ಸಿಕ್ಕರೆ ಹೈಸ್ಕೂಲು, ಸಿಗದಿದ್ದರೆ ಪೂರಿಗಾಲಿಯಲ್ಲಿ ಅಜ್ಜಿಯ ಎಮ್ಮೆಗಳು. ವಾರ್ಡನ್ನಮ್ಮ ಮಹಾ ಕಟ್ಟುನಿಟ್ಟು, ಅಳುಬುರುಕಿಯರನ್ನೂ ಹಟಮಾರಿಗಳನ್ನೂ ಬಾಗಿಲಿಂದಲೇ ವಾಪಸು ಕಳಿಸುತ್ತಾರೆಂದು ಸುದ್ದಿ. ಪದ್ದಿಗೆ ಓದುವ ಆಸೆ ಬೆಟ್ಟದಷ್ಟಿತ್ತು. "ಅಲ್ಲಿ ನಾನು ಕಲ್ಲಾಗಿರ್ತೀನಿ ಕಣಣ್ಣ," ಎಂದಳು. ಅಷ್ಟು ಹೇಳುವುದರೊಳಗೆ ಎದ್ದು, ಕೂತು, ಮತ್ತೆ ಎದ್ದಿದ್ದಳು.

ಹೊರಡುವ ದಿನ ಚಿಕ್ಕಮ್ಮ ಅವಳ ನೆತ್ತಿಗೆ ಎಣ್ಣೆ ಸುರಿದು ಬಡಿದರು. ಸೀಗೆಪುಡಿ ಹಾಕಿ ತೊಳೆಯಲು ಬಿಡಲಿಲ್ಲ. "ತೊಳುದ್ರೆ ತಂಪು ಒಂಟೋಯ್ತದೆ, ಬುಡು." ಚಿಕ್ಕಪ್ಪ, ಪದ್ದಿ, ನಾನು ಹತ್ತಿದ ಬಸ್ಸು ಬೆಳಕವಾಡಿ ದಾಟುವಾಗ ಎಣ್ಣೆ ಕಿವಿಗಿಳಿದಿತ್ತು, ಮಳವಳ್ಳಿಯಲ್ಲಿ ಕುತ್ತಿಗೆಗೆ. ಪಕ್ಕದ ಸೀಟಿನ ಗೌಡರೊಬ್ಬರು ಮೂಗು ಮುಚ್ಚಿಕೊಂಡು, "ಏನಮ್ಮಿ, ಬತ್ತಿ ಒಂದು ಇಟ್ಬುಟ್ಟಿದ್ರೆ ದೀಪ ಆಗ್ತಿದ್ದೆ," ಎಂದರು. ಪದ್ದಿ ಅವರನ್ನು ಸುಟ್ಟುಬಿಡುವಂತೆ ನೋಡಿದಳು. ಮುಂದಿನ ಸ್ಟಾಪಿನೊಳಗೆ ಅವರ ಹೆಗಲಿಗೊರಗಿ ಅವರ ಮನೆಯ ಕರುಗಳ ಹೆಸರು ಕೇಳುತ್ತಿದ್ದಳು.

ಮದ್ದೂರಿನಲ್ಲಿ ಚಿಕ್ಕಪ್ಪ ವಡೆ ಕೊಡಿಸಿದರು. ಪದ್ದಿಯ ಎಣ್ಣೆಗೈಯಿಂದ ವಡೆ ಜಾರಿ ಕಿಟಕಿಯಾಚೆ ಮಣ್ಣಿಗೆ ಬಿತ್ತು. ಬಸ್ಸು ಹೊರಟಿತು. ಅವಳ ತುಟಿ ನಡುಗಿತು. "ಕಲ್ಲು, ಕಲ್ಲು," ಎಂದು ಚಿಕ್ಕಪ್ಪ ಮಂತ್ರದಂತೆ ಪಿಸುಗುಟ್ಟಿದರು. ನನ್ನ ವಡೆ ಕೊಡಹೋದೆ.

"ನಂಗೆ ಅದೇ ಬೇಕು," ಎಂದು ಹಿಂದೆ ಸರಿಯುತ್ತಿದ್ದ ಮದ್ದೂರನ್ನು ತೋರಿಸಿದಳು. ಆದರೆ ಅಳಲಿಲ್ಲ. ಮಂಡ್ಯದವರೆಗೂ ಕಲ್ಲಾಗಿಯೇ ಬಂದಳು. ನನಗೆ ಗಾಬರಿಯಾಗುವಷ್ಟು ಕಲ್ಲು.

ವಾರ್ಡನ್ನಮ್ಮನ ಕೋಣೆಯ ಮೂಲೆಯಲ್ಲಿ ಹೊಸದಾಗಿ ಸೇರಿದ ಒಬ್ಬಳು ಹುಡುಗಿ ಊಟದ ತಟ್ಟೆ ಮುಟ್ಟದೆ ಬಿಕ್ಕುತ್ತಿದ್ದಳು. ಪದ್ದಿ ಹೆಸರು ಹೇಳಿದಳು, ಮಗ್ಗಿ ಒಪ್ಪಿಸಿದಳು, ಕೈ ಕಟ್ಟಿ ನಿಂತಳು. ಚಿಕ್ಕಪ್ಪನ ಮುಖ ಅರಳುತ್ತಿತ್ತು. ಅಷ್ಟರಲ್ಲಿ ವಾರ್ಡನ್ನಮ್ಮ ಮೂಲೆಗೆ ತಿರುಗಿ, "ಸಾಕು ನಿಲ್ಸೇ. ಅಳೋ ಅಂಥದ್ದು ಏನಾಗಿದೆ ನಿಂಗೆ?" ಎಂದು ಗದರಿದರು.

ಕಲ್ಲು ಒಡೆಯಿತು. "ಏನಾದ್ರೂ ಆಗಿದ್ರೇನೇ ಅಳ್ಬೇಕಾ ಮೇಡಮ್ಮೋರೆ?" ಎಂದವಳೇ ಪದ್ದಿ ಎಂಥ ಸ್ವರ ತೆಗೆದಳೆಂದರೆ, ಮೂಲೆಯ ಹುಡುಗಿ ಬೆರಗಾಗಿ ತನ್ನ ಅಳು ಮರೆತಳು. ಪದ್ದಿಯ ಗಲ್ಲದಿಂದ ಕಣ್ಣೀರೂ ಎಣ್ಣೆಯೂ ಒಟ್ಟಿಗೆ ತೊಟ್ಟಿಕ್ಕುವುದನ್ನು ನೋಡಿ ಕಿಸಕ್ಕನೆ ನಕ್ಕಳು. ಪದ್ದಿ ಅವಳನ್ನು ನೋಡಿ, ಮೂಗೊರೆಸಿಕೊಂಡು, ತಾನೂ ನಕ್ಕಳು. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದರು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಎಮ್ಮೆಗಳು ಕಾಣುತ್ತಿದ್ದವೋ ಏನೋ.

"ಬಿಟ್ಟು ಹೋಗಿ ಇವಳನ್ನ," ಎಂದರು ವಾರ್ಡನ್ನಮ್ಮ. "ಮೊದಲು ಆ ತಲೆ ತೊಳೆಸಿ."

ಗಮನಿಸಿ, ವಾರ್ಡನ್ನಮ್ಮ ತೊಳೆಯಹೇಳಿದ್ದು ಹರಳೆಣ್ಣೆಯನ್ನೇ. ಆದರೂ ಕೀರ್ತಿ ಅದಕ್ಕೇ ಹೋಯಿತು. ನನ್ನ ವಾದ ಬೇರೆ: ಗೆದ್ದದ್ದು ತಂಪಲ್ಲ, ಪದ್ದಿಯ ಕರುಣೆ. ಇನ್ನೊಬ್ಬರ ದುಃಖ, ಬಾ ಅನ್ನಿಸಿಕೊಳ್ಳದೇ ಅವಳೊಳಗೆ ನುಗ್ಗುತ್ತದೆ. ಈ ವಾದವನ್ನು ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ ಮಂಡಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ಮುಂದೆ ಗೆಳತಿಯಾದ ಆ ಮೂಲೆಯ ಹುಡುಗಿಯ ಜೊತೆಯೇ ಅವಳು ವಾರಕ್ಕೊಮ್ಮೆ ಜನ್ಮವೈರ ಸಾರುತ್ತಿದ್ದಳೆಂಬುದನ್ನು ಎದುರಾಳಿಗಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇವತ್ತೂ ವಾದಿಸಲು ಎದ್ದು ನಿಂತೆ. ಪಕ್ಕದ ಮನೆಯ ಹುಡುಗಿ ಮಣೆಯ ಮೇಲೆ ಕೂತು ತುಟಿ ಬಿಗಿಹಿಡಿದಿದ್ದಳು. ಚಿಕ್ಕಮ್ಮ ಪದ್ದಿಯ ಮುಂದೆ ತಮ್ಮ ಚಪ್ಪಲಿ ಇಟ್ಟು, "ತಗಳೇ, ಇದ್ನೇ ಮೆಟ್ಕೊಂಡೋಗು," ಎಂದರು.

"ನಂಗೆ ಅದೇ ಬೇಕು," ಎಂದಳು ಪದ್ದಿ. ತುಟಿ ನಡುಗುತ್ತಿತ್ತು.

ವಾದ ಅಲ್ಲಿಗೇ ಬಿಟ್ಟೆ. ಅವಳ ಪಕ್ಕ ಹೊಸ್ತಿಲ ಮೇಲೆ ಕೂತೆ.

"ಪದ್ದಿ, ನಿಜ ಹೇಳು. ಅವತ್ತು ನೀನು ಅತ್ತಿದ್ದು ಆ ಹುಡುಗಿಗೋ, ಮದ್ದೂರಲ್ಲಿ ಬಿದ್ದ ವಡೆಗೋ?"