ಟವರಿನ ಎರಡನೇ ಕುರ್ಚಿ

ಐನ್ ರಮ್ಲಾದಲ್ಲಿ ವಿಮಾನ ನಿಲ್ದಾಣ ಕಟ್ಟಿಸಿದವರಿಗೆ ನಮ್ಮೂರಿನ ಮೇಲೆ ಬಹಳ ಭರವಸೆ ಇದ್ದಿರಬೇಕು. ಟುನೀಶಿಯಾದ ದಕ್ಷಿಣದ ಮೂಲೆ. ಒಂದು ಕಡೆ ಖರ್ಜೂರದ ತೋಟ, ಇನ್ನೊಂದು ಕಡೆ ಕಣ್ಣು ಹಾಯುವವರೆಗೂ ಉಪ್ಪಿನ ಬಯಲು, ನಡುವೆ ಭಾರಿ ವಿಮಾನ ಇಳಿಯಬಲ್ಲ ರನ್‌ವೇ. ಇಳಿಯಬೇಕಾದ ವಿಮಾನಗಳಿಗೆ ಮಾತ್ರ ಈ ಸುದ್ದಿ ಮುಟ್ಟಲಿಲ್ಲ. ಟುನಿಸ್‌ನಿಂದ ದಿನಕ್ಕೊಂದು ಬಂದು ಹೋಗುತ್ತದೆ. ಚಳಿಗಾಲದಲ್ಲಿ ಬಿಸಿಲು ಹುಡುಕಿಕೊಂಡು ಫ್ರೆಂಚರು ಬರುತ್ತಾರೆ. ಉಳಿದ ಹೊತ್ತೆಲ್ಲ ಟವರಿನ ಗಾಜಿನ ಕೋಣೆಯಲ್ಲಿ ಇಬ್ಬರು ಕೂತು, ಗಾಳಿ ಮರಳನ್ನು ಅತ್ತಿಂದಿತ್ತ ಹೊತ್ತು ಹಾಕುವುದನ್ನು ನೋಡುತ್ತಿರಬೇಕು.

ಮೊದಲ ಕುರ್ಚಿ ತಿಜಾನಿಯವರದು; ಹಿರಿಯರೆಂಬ ಮರ್ಯಾದೆಗೆ ಎಲ್ಲರೂ ಸೀ ತಿಜಾನಿ ಎನ್ನುತ್ತಿದ್ದರು. ವಿಮಾನಗಳಿಗೆ ಇಳಿ, ಏರು, ಕಾಯಿ ಎಂದು ಹೇಳುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ದಿನಕ್ಕೆ ಅವರು ಆಡುವ ಮಾತೆಲ್ಲ ಮೈಕಿನ ಮುಂದೆಯೇ ಖರ್ಚಾಗುತ್ತಿತ್ತು. ವರ್ಷದ ಕೊನೆಗೆ ನಿವೃತ್ತಿ. ಎರಡನೇ ಕುರ್ಚಿ ದಲೆಂದಾಳದು. ನಮ್ಮೂರ ಹುಡುಗಿಯೇ, ಉಣ್ಣೆ ನೇಯುವ ಮೆಹರ್ಜಿಯಾಳ ಒಬ್ಬಳೇ ಮಗಳು. ಟುನಿಸ್‌ನಲ್ಲಿ ಓದಿ, ಪರೀಕ್ಷೆ ಗೆದ್ದು, ಕೆಲಸ ಹಿಡಿದು ವಾಪಸ್ ಊರಿಗೇ ಬಂದಾಗ ಬೀದಿಯೆಲ್ಲ ಹೆಮ್ಮೆಪಟ್ಟಿತ್ತು. ಆ ಹೆಮ್ಮೆಯ ಕೆಳಗೆ ಅವಳು ಒಂಟಿಯಾಗಿದ್ದಳು ಎನ್ನುವುದು ಯಾರ ತಲೆಗೂ ಹೊಳೆಯಲಿಲ್ಲ.

ಟವರಿನವರನ್ನು ಕೆಲಸದ ತಿಳುವಳಿಕೆಗೆಂದು ಒಮ್ಮೆ ಪೈಲಟ್‌ಗಳ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ದಲೆಂದಾಳನ್ನೂ ಕರೆದೊಯ್ದರು. ವಿಮಾನ ಮೇಲೇರಿ ತಿರುಗಿದಾಗ ಅವಳು ತನ್ನ ಟವರನ್ನು ನೋಡಿದಳು. ಮರಳಿನ ಮೇಲೆ ಬಿದ್ದ ಒಂದು ಅಕ್ಕಿಕಾಳು. ಇಷ್ಟು ದಿನ ನಾನು ಇದರೊಳಗಿದ್ದೆನೇ ಎಂದುಕೊಂಡವಳಿಗೆ ಅಳು ಬಂತು. ಪೈಲಟ್‌ಗಳು ಹೆದರಿಕೆ ಇರಬೇಕೆಂದು ನೀರು ಕೊಟ್ಟರು. ಹೆದರಿಕೆಯಲ್ಲ, ಆಸೆ. ಆ ವರ್ಷವೇ ಪೈಲಟ್ ತರಬೇತಿಗೆ ಅರ್ಜಿ ಹಾಕಿದಳು.

"ಅಲ್ಲಮ್ಮಾ, ಅಷ್ಟು ದೊಡ್ಡ ವಿಮಾನದೋರು ನಿನ್ನ ಹತ್ರ ಅಪ್ಪಣೆ ಕೇಳ್ತಾರೆ. ಕೊಡೋ ಕೈ ಬಿಟ್ಟು ಕೇಳೋ ಬಾಯಿ ಆಗ್ತೀನಿ ಅಂತೀಯಲ್ಲ!" ಎಂದು ಮೆಹರ್ಜಿಯಾ ಮಗ್ಗದ ಮುಂದೆ ಕೂತಲ್ಲಿಂದಲೇ ಹಂಗಿಸಿದಳು. "ಅಂಗೈಲಿ ಬೆಣ್ಣೆ ಇಟ್ಕೊಂಡು ಊರೆಲ್ಲಾ ತುಪ್ಪಕ್ಕೆ ಅಲೆದ್ರಂತೆ."

"ಬರೀ ಪರೀಕ್ಷೆ ಉಮ್ಮಿ. ಪಾಸಾಗೋದು ಯಾರು ಕಂಡಿದ್ದಾರೆ?" ಎಂದು ದಲೆಂದಾ ತೇಲಿಸಿಬಿಟ್ಟಳು.

ಪಾಸಾದಳು. ಗುರುವಾರದೊಳಗೆ ಬರುತ್ತೀಯೋ ಇಲ್ಲವೋ ತಿಳಿಸು ಎಂದು ಟುನಿಸ್‌ನಿಂದ ಉತ್ತರ ಬಂತು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮಿತಿ ದಾಟುತ್ತಿತ್ತು. ಈ ಸಲ ಬಿಟ್ಟರೆ ಬಿಟ್ಟ ಹಾಗೆಯೇ. ಹೋಗುತ್ತೇನೆ ಎಂದು ಬರೆಯಲು ಒಂದು ನಿಮಿಷ ಸಾಕಿತ್ತು. ಆದರೆ ಬರೆಯಲಾಗಲಿಲ್ಲ. ಕಾರಣ ಸೀ ತಿಜಾನಿಯವರ ಕಿವಿ.

ಕಳೆದ ಚಳಿಗಾಲದಿಂದ ಅವರಿಗೆ ಕಿವಿ ಮಂದವಾಗುತ್ತಿತ್ತು. ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಬೆಳಿಗ್ಗೆ ಅವರಿಗಿಂತ ಮೊದಲು ಮೆಟ್ಟಿಲು ಹತ್ತಿ ಸ್ಪೀಕರಿನ ಗುಂಡಿಯನ್ನು ತುಸು ಹೆಚ್ಚಿಗೆ ತಿರುಗಿಸಿಡುತ್ತಿದ್ದಳು. ಪೈಲಟ್ ಏನಾದರೂ ಹೇಳಿದರೆ, ಬರೆದುಕೊಳ್ಳುವ ನೆಪದಲ್ಲಿ ತಾನೂ ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದಳು. ಅವಳ ತುಟಿ ನೋಡಿಕೊಂಡು ಸೀ ತಿಜಾನಿ ಉತ್ತರ ಕೊಡುತ್ತಿದ್ದರು. ಮೊದಮೊದಲು ಇದು ಮರ್ಯಾದೆ ಎನಿಸಿತು. ಆಮೇಲೆ ಅಭ್ಯಾಸವಾಯಿತು. ಈಗ ಬಾಯೊಳಗಿನ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ತಾನು ಹೊರಟರೆ ಈ ಮನುಷ್ಯ ಕೇಳಿಸದ ಆಕಾಶದ ಮುಂದೆ ಒಬ್ಬರೇ ಕೂರಬೇಕು. ಹೇಳಿಬಿಟ್ಟರೆ ನಿವೃತ್ತಿಯ ಹೊಸ್ತಿಲಲ್ಲಿ ಅವರ ಮಾನ ಹೋಗುತ್ತದೆ. ಎರಡು ಕುರ್ಚಿಗಳ ನಡುವೆ ಒಂದು ಮಾರು ಜಾಗವಿರಲಿಲ್ಲ, ಆದರೂ ಇಬ್ಬರಿಗೂ ಇನ್ನೊಬ್ಬರ ಹತ್ತಿರ ಆಡಲು ಮಾತಿರಲಿಲ್ಲ.

ಮಂಗಳವಾರ ಬಿಸಿಗಾಳಿ ಎದ್ದಿತ್ತು. ರನ್‌ವೇ ಮೇಲೆ ಮರಳು ಬಂದು ಕೂತು, ಕೂಲಿಯವರು ಸಲಿಕೆ ಹಿಡಿದು ಎತ್ತಿ ಹಾಕುತ್ತಿದ್ದರು. ಟುನಿಸ್ ವಿಮಾನಕ್ಕೆ ಇನ್ನೂ ಹೊತ್ತಿದೆ ಎಂದುಕೊಂಡು ದಲೆಂದಾ ಮೆಟ್ಟಿಲಿಗೆ ಇಳಿದು ತರಬೇತಿಯವರಿಗೆ ಫೋನ್ ಹಚ್ಚಿದಳು.

"ಇನ್ನೊಂದು ವಾರ ಸಮಯ ಕೊಡಿ, ದಯವಿಟ್ಟು."

"ನಿನ್ನ ಹಿಂದೆ ಸಾಲು ನಿಂತಿದೆ ತಾಯಿ. ಗುರುವಾರ ಅಂದ್ರೆ ಗುರುವಾರ," ಎಂದಿತು ಆ ಕಡೆಯ ದನಿ.

ಅಷ್ಟರಲ್ಲಿ ಮೇಲಿನ ಕೋಣೆಯ ಸ್ಪೀಕರಿನಿಂದ ಪೈಲಟ್‌ನ ದನಿ ಕೇಳಿತು. ವಿಮಾನ ಬೇಗ ಬಂದುಬಿಟ್ಟಿತ್ತು. ಇಳಿಯಬಹುದೇ ಎಂದು ಕೇಳುತ್ತಿತ್ತು. ಉತ್ತರವಿಲ್ಲ. ಮತ್ತೆ ಕೇಳಿತು. ಉತ್ತರವಿಲ್ಲ. ದಲೆಂದಾ ಎರಡೆರಡು ಮೆಟ್ಟಿಲು ಹಾರಿ ಓಡಿದಳು. ಸೀ ತಿಜಾನಿ ಸ್ಪೀಕರಿಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ನಿಂತು, ನೆಮ್ಮದಿಯಾಗಿ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದರು.

ಮೈಕ್ ಕಿತ್ತುಕೊಂಡು, ರನ್‌ವೇ ಮೇಲೆ ಜನರಿದ್ದಾರೆ, ಒಂದು ಸುತ್ತು ಹಾಕಿ ಎಂದಳು. ಸೈರನ್ ಒತ್ತಿ ಕೂಲಿಯವರನ್ನು ರನ್‌ವೇಯಿಂದ ಆಚೆ ಓಡಿಸಿದಳು. ವಿಮಾನ ಉಪ್ಪಿನ ಬಯಲಿನ ಮೇಲೆ ಸುತ್ತು ಹಾಕಿ ಬಂದು ಇಳಿಯಿತು.

"ಏನು ದಲೆಂದಾ, ಕುಸ್ಕುಸ್ ಜಾಸ್ತಿ ಆಯ್ತಾ? ಟವರ್ ಪೂರಾ ಮಲಗಿತ್ತಲ್ಲ!" ಎಂದು ಸ್ಪೀಕರಿನಲ್ಲಿ ಪೈಲಟ್ ನಕ್ಕ.

"ರೇಡಿಯೋ ಕೆಟ್ಟಿತ್ತು ಕ್ಯಾಪ್ಟನ್, ಕ್ಷಮಿಸಿ," ಎಂದಳು.

ಸೀ ತಿಜಾನಿ ಅವಳ ತುಟಿಯನ್ನೇ ನೋಡುತ್ತಿದ್ದರು. ಚಹಾದ ಲೋಟ ಕೆಳಗಿಟ್ಟು ತಮ್ಮ ಕುರ್ಚಿಯಲ್ಲಿ ಬಂದು ಕೂತರು.

"ಎಷ್ಟು ಸಲ ಕರೆದ?"

"ಒಂದೇ ಸಲ."

"ಸುಳ್ಳು ನಿನಗೆ ಒಗ್ಗಲ್ಲ ಮಗಳೇ." ಸ್ಪೀಕರಿನ ಗುಂಡಿಯತ್ತ ಬೆರಳು ತೋರಿಸಿದರು. "ಬೆಳಿಗ್ಗೆ ಬಂದು ನೀನು ಗುಂಡಿ ಜಾಸ್ತಿ ಮಾಡ್ತೀಯ. ಸಂಜೆ ಹೋಗುವಾಗ ಅದನ್ನ ಕಡಿಮೆ ಮಾಡಿ ಇಡೋನು ಯಾರು ಅಂದ್ಕೊಂಡೆ? ರೇಡಿಯೋ ರಿಪೇರಿಗೆ ಬರೋ ಹುಡುಗ ನೋಡಿದ್ರೆ ಊರೆಲ್ಲ ಸಾರ್ತಾನೆ ಅಂತ ನಾನೇ ಮಾಡ್ತಿದ್ದೆ. ಇಬ್ಬರೂ ಸೇರ್ಕೊಂಡು ಒಳ್ಳೇ ಕಳ್ಳರಾದ್ವಿ."

ದಲೆಂದಾ ಮೈಕನ್ನು ಅದರ ಜಾಗದಲ್ಲಿಟ್ಟಳು.

"ಇವತ್ತು ಕೆಳಗಡೆ ಸಲಿಕೆ ಹಿಡಿದ ಜನ ಇದ್ರು," ಎಂದರು ಅವರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ದಿನವೂ ಪಾಳಿ ಒಪ್ಪಿಸುವಾಗ ಹೇಳುವ ಮಾತನ್ನು ಅದೇ ರಾಗದಲ್ಲಿ ಹೇಳಿದರು: "ರನ್‌ವೇ ಖಾಲಿ. ಗಾಳಿ ದಕ್ಷಿಣದಿಂದ. ನೆಲದ ಮೇಲೆ ಒಂದು ವಿಮಾನ, ವಾಪಸ್ ಟುನಿಸ್‌ಗೆ. ಜಾಗ ನಿನ್ನದು."

ಇದಕ್ಕೆ "ತಗೊಂಡೆ" ಎನ್ನಬೇಕು. ಹಾಗೆನ್ನುವವರೆಗೆ ಕೂತವರು ಏಳುವಂತಿಲ್ಲ. ಟವರಿನಲ್ಲಿ ಇದಕ್ಕಿಂತ ದೊಡ್ಡ ಕಟ್ಟಳೆಯಿಲ್ಲ. ದಲೆಂದಾ ಬಾಯಿ ಬಿಡಲಿಲ್ಲ. ಹೇಳದಿದ್ದರೆ ಅವರು ಏಳುವುದಿಲ್ಲ, ಎದ್ದರೆ ತಿರುಗಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವರೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಕಾಯುತ್ತ ಕೂತರು. ಗಾಳಿ ಗಾಜಿಗೆ ಮರಳು ಎರಚುತ್ತಿತ್ತು. ಕೆಳಗೆ ಜನ ಹತ್ತಿ, ಬಾಗಿಲು ಮುಚ್ಚಿ, ವಿಮಾನ ಹೊರಡಲು ಅಪ್ಪಣೆ ಕೇಳಿತು. ಆ ದನಿ ಅವಳೊಬ್ಬಳಿಗೇ ಕೇಳಿಸಿತು.

"ತಗೊಂಡೆ," ಎಂದಳು.

ಸೀ ತಿಜಾನಿ ಎದ್ದು, ಕೋಟು ತೊಟ್ಟು, ಕೆಳಗಿಳಿದು, ನಿಲ್ದಾಣದ ಮುಖ್ಯಸ್ಥರ ಕೋಣೆಗೆ ನೇರ ಹೋಗಿ ನನಗೆ ಕಿವಿ ಕೇಳಿಸುವುದಿಲ್ಲ ಎಂದು ಹೇಳಿದರು.

ತಮ್ಮ ಕಿವಿಯಾಗಿರುವ ಕೆಲಸದಿಂದ ಅವಳಿಗೆ ಬಿಡುಗಡೆ ಕೊಟ್ಟೆ ಎಂದುಕೊಂಡರೇನೋ ಪಾಪ. ಆದದ್ದು ಉಲ್ಟಾ. ಬುಧವಾರ ಮುಖ್ಯಸ್ಥ ಉಬ್ಬಸಪಡುತ್ತ ಟವರ್ ಹತ್ತಿ ಬಂದ. "ಮುಬಾರಕ್! ಇನ್ಮೇಲೆ ಇಲ್ಲಿ ನೀನೇ ದೊಡ್ಡವಳು. ಖರ್ಜೂರದ ಸುಗ್ಗಿವರೆಗೂ ಟುನಿಸ್‌ನವರು ಯಾರನ್ನೂ ಕಳಿಸಲ್ಲವಂತೆ. ನೀನೂ ಇಲ್ಲ ಅಂದಿದ್ರೆ ವಿಮಾನವೇ ಬಂದ್ ಆಗ್ತಿತ್ತು, ದೇವರು ದೊಡ್ಡವನು," ಎಂದು ಬೆವರು ಒರೆಸಿಕೊಂಡ. ಅವನು ಇಳಿಯುವಷ್ಟರಲ್ಲಿ ಸುದ್ದಿ ಊರು ಮುಟ್ಟಿತ್ತು. ಮೆಹರ್ಜಿಯಾ ಮೂರು ಮನೆಗೆ ಮತಬ್ಗಾ ರೊಟ್ಟಿ ಸುಟ್ಟು ಹಂಚಿದಳು. ಅದುವರೆಗೆ ದಲೆಂದಾಳ ಕಾಲು ಕಟ್ಟಿದ್ದು ಒಬ್ಬ ಹಿರಿಯರ ಕಿವಿ. ಈಗ ಇಡೀ ಊರು.

ಆ ಸಂಜೆ ದಲೆಂದಾ ಸೀ ತಿಜಾನಿಯವರ ಮನೆಗೆ ಹೋದಳು. ಏನು ಹೇಳಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಇರು ಎಂದೋ ಹೋಗು ಎಂದೋ ಅವರ ಬಾಯಿಂದಲೇ ಬರಲಿ ಎಂದಿತ್ತು. ಬಾಗಿಲು ತಟ್ಟಿದ್ದು ಅವರಿಗೆ ಕೇಳಲಿಲ್ಲ. ಒಳಗೆ ಹೋದಳು. ಅಂಗಳದಲ್ಲಿ ಕೆಂಡದ ಮೇಲೆ ಚಹಾ ಇಟ್ಟುಕೊಂಡು ಒಬ್ಬರೇ ಕೂತಿದ್ದರು. ಮುಸ್ಸಂಜೆಗೆ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಟುನಿಸ್‌ನಿಂದ ಕರೆ ಬಂದಿದೆ ಸೀ ತಿಜಾನಿ. ಪೈಲಟ್ ತರಬೇತಿಗೆ," ಎಂದಳು ಮೆಲ್ಲಗೆ.

"ಜೋರಾಗಿ ಹೇಳು."

"ನಾಳೆಯೊಳಗೆ ಹೇಳ್ಬೇಕು. ಏನು ಮಾಡಲಿ?"

"ಕೇಳಿಸ್ಲಿಲ್ಲ ಮಗಳೇ. ಇನ್ನೂ ಜೋರಾಗಿ."

ಹಿರಿಯರ ಮುಂದೆ ದನಿ ಎತ್ತಿದವಳಲ್ಲ ಅವಳು. ಅಷ್ಟೂ ದಿನ ಯಾರ ಹತ್ತಿರವೂ ಆಡದೆ ಹೊಟ್ಟೆಯಲ್ಲಿ ಒತ್ತಿಟ್ಟುಕೊಂಡಿದ್ದು ಒಮ್ಮೆಲೇ ಗಂಟಲಿಗೆ ನುಗ್ಗಿತು.

"ನಾನು ಹೋಗ್ತೀನಿ!" ಎಂದು ಕೂಗಿದಳು. "ವಿಮಾನ ಹಾರಿಸೋಕೆ ಹೋಗ್ತೀನಿ! ಊರು ಏನಾದ್ರೂ ಅಂದ್ಕೊಳ್ಳಲಿ, ಹೋಗ್ತೀನಿ!"

ಕೂಗಿದ ಮೇಲೆಯೇ ತನ್ನ ತೀರ್ಮಾನ ಏನೆಂದು ಅವಳಿಗೆ ತಿಳಿದದ್ದು. ಪಕ್ಕದ ಮನೆಯ ಮಾಳಿಗೆಯಿಂದ ಒಬ್ಬ ಹೆಂಗಸು ಬಗ್ಗಿ ನೋಡಿದಳು. "ಏನೇ ಅದು, ಮದುವೆ ಗೊತ್ತಾಯ್ತಾ?" ಎಂದಳು.

ಸೀ ತಿಜಾನಿ ಕೆಂಡ ಕೆದಕಿದರು. "ನೀನು ಹೋದ್ಮೇಲೆ ಟವರಲ್ಲಿ ಯಾರಿರ್ತಾರೆ?"

"ಯಾರೂ ಇರಲ್ಲ!"

"ಒಂದು ದಿನ ಮೇಲಿದ್ದು ಕರೀತೀಯ. ಕೆಳಗಿಂದ ಯಾರೂ ಓ ಅನ್ನಲ್ಲ. ಆಗ ಏನು ಮಾಡ್ತೀಯ?"

ದಲೆಂದಾಳ ಕಣ್ಣಲ್ಲಿ ನೀರು ತುಂಬಿತು. "ಸುತ್ತು ಹಾಕ್ತೀನಿ," ಎಂದಳು. ಈ ಸಲ ದನಿ ಏರಲಿಲ್ಲ. ಆದರೆ ಕೆದಕಿದ ಕೆಂಡದ ಬೆಳಕಿನಲ್ಲಿ ಅವರು ತುಟಿ ಓದಿಕೊಂಡರು.

"ಸಾಕು," ಎಂದರು. "ಹೋಗು."

ಹೊರಗೆ ಬಂದರೆ ಮೆಹರ್ಜಿಯಾ ಗೋಡೆಗೆ ಒರಗಿ ನಿಂತಿದ್ದಳು. ರೊಟ್ಟಿ ಹಂಚಿದ ಖಾಲಿ ತಟ್ಟೆ ಕೈಯಲ್ಲಿತ್ತು. ಎಲ್ಲ ಕೇಳಿಸಿಕೊಂಡಿದ್ದಳು; ಬೀದಿಯೇ ಕೇಳಿಸಿಕೊಂಡಿತ್ತು.

"ಉಮ್ಮಿ," ಎಂದಳು ದಲೆಂದಾ.

ಮೆಹರ್ಜಿಯಾ ಮುಂದೆ ನಡೆದಳು. ದಲೆಂದಾ ಪಕ್ಕಕ್ಕೆ ಬಂದು ಮತ್ತೆ ಕರೆದಳು. ತಾಯಿ ತಿರುಗಿ ನೋಡಲಿಲ್ಲ. ಮನೆ ಮುಟ್ಟುವವರೆಗೂ ಮಗಳು ಕರೆಯುತ್ತಲೇ ಇದ್ದಳು.